ಮುಚ್ಚಳ ಮತ್ತು ಐದು ವಾಕ್ಯ

ಜೂನ್ ೩, ಸೋಮವಾರ

ಹೊಸ ಕೆಲಸದ ಮೊದಲ ದಿನ ಐದು ವಾಕ್ಯ ಬಾಯಿಪಾಠ ಮಾಡಿದೆ.

ಕೆಲಸ ಇಷ್ಟೇ. ಆಸಿಡ್, ಫಿನಾಯಿಲ್, ಮಾತ್ರೆ ಮುಂತಾದ ಅಪಾಯದ ವಸ್ತುಗಳನ್ನು ತುಂಬುವ ಬಾಟಲಿಗಳನ್ನು ನಾಲ್ಕು ವರ್ಷದ ಆಸುಪಾಸಿನ ಮಕ್ಕಳ ಕೈಗೆ ಕೊಡುವುದು. ಹೊಚ್ಚ ಹೊಸ ಖಾಲಿ ಬಾಟಲಿಗಳು, ವಿಷದ ಮುಖ ಕಂಡವಲ್ಲ. ಮಕ್ಕಳಿಗೆ ಐದು ನಿಮಿಷ. ತೆಗೆಯಲಾಗದಿದ್ದರೆ ನಾನು ಒಂದು ಸಲ ಮಾತಿಲ್ಲದೆ ತೆಗೆದು ತೋರಿಸಬೇಕು. ಮತ್ತೆ ಐದು ನಿಮಿಷ. ಐವತ್ತು ಮಕ್ಕಳಲ್ಲಿ ಹತ್ತಕ್ಕಿಂತ ಹೆಚ್ಚು ಜನ ತೆಗೆದುಬಿಟ್ಟರೆ ಮುಚ್ಚಳ ನಪಾಸು. ಮಕ್ಕಳು ಸೋತರೆ ಎಲ್ಲರೂ ಗೆದ್ದ ಹಾಗೆ. ಇಂಥ ಪರೀಕ್ಷೆಯೂ ಲೋಕದಲ್ಲಿದೆ ಎಂದು ನಲವತ್ತೆಂಟು ವರ್ಷ ನನಗೆ ಗೊತ್ತಿರಲಿಲ್ಲ.

ಪರೀಕ್ಷಕಿ ಆಡಬಹುದಾದ ಐದು ವಾಕ್ಯಗಳು: "ಇದನ್ನ ನನಗೋಸ್ಕರ ತೆಗೀತೀರಾ?" "ನಾನು ತೆಗೆಯೋದನ್ನ ನೋಡಿ." "ಈಗ ನೀವು ತೆಗೀರಿ." "ಬೇಕಿದ್ರೆ ಹಲ್ಲಿಂದಾನೂ ತೆಗೀಬಹುದು." ಕೊನೆಗೆ, "ಮನೇಲಿ ಇಂಥದ್ದನ್ನ ಯಾವತ್ತೂ ತೆಗೀಬೇಡಿ, ಹುಷಾರು ತಪ್ಪುತ್ತೆ." ಇದರಾಚೆ ಒಂದಕ್ಷರವಿಲ್ಲ. ಶಹಭಾಸ್ ಇಲ್ಲ, ಅಯ್ಯೋ ಪಾಪ ಇಲ್ಲ, ನಗು ಇಲ್ಲ. ಎಂ.ಎ. ಓದುವಾಗ ನೂರಾರು ಕವಿತೆ ಕಂಠಸ್ಥ ಮಾಡಿದವಳಿಗೆ ಐದು ವಾಕ್ಯ ಯಾವ ಲೆಕ್ಕ? ಆದರೂ ಪ್ರಯೋಗಾಲಯದ ಸಾಹೇಬರು ಹತ್ತು ಸಲ ಹೇಳಿಸಿದರು. ಹತ್ತನೆಯ ಸಲವೂ, "ಅಕ್ಕರೆ ಜಾಸ್ತಿಯಾಯ್ತು, ಸ್ವಲ್ಪ ಕಮ್ಮಿ ಮಾಡಿ" ಎಂದರು.

ಆರು ವಾರ ನೋಡುತ್ತಾರಂತೆ. ಸರಿಹೋದರೆ ಕಾಯಂ. ಇಪ್ಪತ್ತೆರಡು ವರ್ಷ ಕರಡು ತಿದ್ದಿದ ಪ್ರಕಾಶನಸಂಸ್ಥೆ ಬಾಗಿಲು ಹಾಕಿದ ಮೇಲೆ ನನ್ನನ್ನು ಕರೆದದ್ದು ಇದೊಂದೇ ಕಡೆ.

ಅಮ್ಮನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. "ಮಕ್ಕಳ ಗಲಾಟೆ ಅಂದ್ರೆ ಮೈಲಿ ದೂರ ಓಡ್ತಿದ್ದೆ, ಪುಟ್ಟಿ. ಮದುವೆ ಬೇಡ ಅಂದೆ, ಈಗ ನೋಡು, ಕೈ ತುಂಬಾ ಮಕ್ಕಳು!"

ಜೂನ್ ೫, ಬುಧವಾರ

ಪ್ರಯೋಗಾಲಯದಲ್ಲಿ ಹಿರಿಯ ಪರೀಕ್ಷಕಿಯೊಬ್ಬರಿದ್ದಾರೆ. ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಪರೀಕ್ಷೆಯ ಕೋಣೆಯಲ್ಲಿ ಅವರ ಮುಖ ರುಬ್ಬುಗಲ್ಲು. ಹೊರಗೆ ಬಂದರೆ ಬಾಯಿಗೆ ಬಿಡುವಿಲ್ಲ.

ಸಾಹೇಬರು ಎರಡೂ ಕೈಗೆ ಗಡಿಯಾರ ಕಟ್ಟುವುದೇಕೆ ಎಂದು ಕೇಳಿದೆ. "ಒಂದು ಟೈಮ್ ನೋಡೋಕೆ. ಇನ್ನೊಂದು, ಆ ಟೈಮ್ ಸರಿ ಇದೆಯಾ ಅಂತ ನೋಡೋಕೆ" ಎಂದರು ದೊಡ್ಡಕ್ಕ. "ಮೂರನೇದಕ್ಕೆ ಕೈ ಇಲ್ಲ, ಪಾಪ."

ನಗು ಬಂದರೆ ಏನು ಮಾಡಬೇಕೆಂದೂ ಹೇಳಿಕೊಟ್ಟರು. ಕೆಳತುಟಿಯನ್ನು ಒಳಗಿನಿಂದ ಕಚ್ಚಿಕೊಳ್ಳಬೇಕಂತೆ.

"ಮಕ್ಕಳನ್ನು ಕಂಡರೆ ನನಗೆ ನಗು ಬರುವುದಿಲ್ಲ, ತಲೆನೋವು ಬರುತ್ತದೆ" ಎಂದೆ.

"ಬರುತ್ತೆ, ಬರುತ್ತೆ" ಎಂದರು. ಯಾವುದು ಬರುತ್ತದೆ ಎಂದು ಹೇಳಲಿಲ್ಲ.

ಜೂನ್ ೭, ಶುಕ್ರವಾರ

ನನ್ನ ಮೊದಲ ಮುಚ್ಚಳ ಬಂತು, ಜೊತೆಗೆ ಅದನ್ನು ಮಾಡಿದವರೂ ಬಂದರು. ಅವರಿಗೆ ಮುಚ್ಚಳದಣ್ಣ ಎಂದು ಹೆಸರಿಟ್ಟಿದ್ದು ದೊಡ್ಡಕ್ಕ. ಸಣ್ಣ ಕಾರ್ಖಾನೆ. ಅಲ್ಲಿರುವುದು ಅವರು, ಅವರ ತಂಗಿ, ಇನ್ನು ಆರು ಜನ ಕೆಲಸಗಾರರು. ಸಿಂಕಿನ ಕೊಳವೆ ಕಟ್ಟಿಕೊಂಡಾಗ ಸುರಿಯುವ ಕ್ಷಾರದ ಬಾಟಲಿಗೆ ಈ ಮುಚ್ಚಳ. ಚರ್ಮಕ್ಕೆ ತಾಗಿದರೆ ಸುಡುವ ಕ್ಷಾರ. ಮೇಲಿನಿಂದ ಅಂಗೈಯಲ್ಲಿ ಅದುಮಿ, ಅದುಮಿದ ಕೈ ಸಡಿಲಿಸದೆ ತಿರುಗಿಸಿದರೆ ಮಾತ್ರ ಬಿಚ್ಚುತ್ತದೆ. ಬರೀ ತಿರುಗಿಸಿದರೆ ಕಟಕಟ ಎಂದು ಸುಮ್ಮನೆ ಸುತ್ತುತ್ತದೆ, ಕೆಲಸ ಮಾಡದೆ ಓಡಾಡುವವರ ಹಾಗೆ.

ಸಾಹೇಬರು ಕೇಳದಿದ್ದರೂ ಅವರೇ ಹೇಳಿದರು. ಅವರ ತಂಗಿ ಮೂರು ವರ್ಷದವಳಿದ್ದಾಗ ಇಂಥದ್ದನ್ನೇ ಒಂದು ಗುಟುಕು ಕುಡಿದಿದ್ದಳಂತೆ. ಬದುಕಿದಳು. ಗಂಟಲು ಮಾತ್ರ ಒಡೆದು ಹೋಯಿತು. "ಈಗ ಕಾರ್ಖಾನೆಯಲ್ಲಿ ಅವಳೇ ಎಲ್ಲರಿಗಿಂತ ಜಾಸ್ತಿ ಮಾತಾಡೋದು. ಗೊಗ್ಗರು ದನೀಲಿ ನಮ್ಮೆಲ್ಲರನ್ನೂ ಬೈತಾಳೆ. ಆದ್ರೂ ಆವತ್ತು ಬಾಟ್ಲಿ ಕೆಳಗಿಟ್ಟಿದ್ದು ನಾನು. ನನಗೆ ಆಗ ಏಳು ವರ್ಷ."

ಈ ಮುಚ್ಚಳ ಪಾಸಾದರೆ ಕಾರ್ಖಾನೆ ಉಳಿಯುತ್ತದೆ. ಇಲ್ಲವಾದರೆ ಅಚ್ಚುಗಳನ್ನು ಮಾರಿಬಿಡಬೇಕೆಂದಿದ್ದಾರೆ.

ಜೂನ್ ೧೨, ಬುಧವಾರ

ಶಿಶುವಿಹಾರದ ಮೂಲೆಯ ಕೋಣೆ. ಮೊಣಕಾಲೆತ್ತರದ ಮೇಜು, ನಾಲ್ಕು ಕುರ್ಚಿ. ನನ್ನ ಕುರ್ಚಿಯೂ ಅದೇ ಅಳತೆಯದು, ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತದೆ. ಮಕ್ಕಳ ಎದೆಗೆ ಸಂಖ್ಯೆಯ ಚೀಟಿ. ಹೆಸರು ಕೇಳುವ ಹಾಗಿಲ್ಲ. ನನ್ನ ಪಾಲಿಗೆ ಇಪ್ಪತ್ತಾರು, ದೊಡ್ಡಕ್ಕನ ಪಾಲಿಗೆ ಪಕ್ಕದ ಕೋಣೆಯಲ್ಲಿ ಇಪ್ಪತ್ನಾಲ್ಕು. ಇವತ್ತು ನಾನು ಹತ್ತು ಮುಗಿಸಿದೆ.

೩ನೇ ಮಗು ಬಾಟಲಿಯ ಮೇಲೆ ಕೂತಿತು. ೪ನೇದು ಅದನ್ನು ನೋಡಿ ತಾನೂ ಕೂತಿತು. ೭ನೇದು ಮುಚ್ಚಳವನ್ನು ಬೆರಳಿನಿಂದ ತಟ್ಟಿ, "ಯಾರಿದ್ದೀರಾ ಒಳಗೆ?" ಎಂದು ಕೇಳಿ ಕಿವಿ ಇಟ್ಟು ಕಾಯಿತು. ಐದು ನಿಮಿಷವೂ ಕಾಯಿತು. ತುಟಿ ಕಚ್ಚಿ ಕಚ್ಚಿ ಗಾಯವಾಗಿದೆ.

ಮೊದಲ ಐದು ನಿಮಿಷದಲ್ಲಿ ಒಬ್ಬರೂ ತೆಗೆಯಲಿಲ್ಲ.

ಆಮೇಲೆ ತೆಗೆದು ತೋರಿಸುವ ಸರದಿ. ಮಾತಾಡುವ ಹಾಗಿಲ್ಲವಲ್ಲ. ಹಾಗಾಗಿ ಅವರ ಕಣ್ಣು ನನ್ನ ಕೈಗೆ ಬರುವವರೆಗೆ ಕಾದೆ. ಅಂಗೈಯನ್ನು ಅಗಲ ಮಾಡಿ ಮುಚ್ಚಳದ ಮೇಲಿಟ್ಟೆ. ಒಂದು ಗಳಿಗೆ ತಡೆದು, ಭುಜ ಬಾಗಿಸಿ ಅದುಮಿದೆ. ಮತ್ತೊಂದು ಗಳಿಗೆ ತಡೆದು ತಿರುಗಿಸಿದೆ. ಕವಿತೆಯನ್ನು ಜೋರಾಗಿ ಓದುವಾಗ ಸಾಲಿನ ಕೊನೆಯಲ್ಲಿ ಉಸಿರು ನಿಲ್ಲುತ್ತದಲ್ಲ, ಹಾಗೆ. ನೋಡುತ್ತಿದ್ದ ಮಕ್ಕಳೂ ಉಸಿರು ಹಿಡಿದಿದ್ದವು. ಹತ್ತರಲ್ಲಿ ನಾಲ್ಕು ತೆಗೆದವು.

ತೆಗೆಯಬಾರದಿತ್ತು. ಗೊತ್ತು. ಆದರೂ ಮುಚ್ಚಳ ಕಳಚಿ ಆ ಕಣ್ಣುಗಳು ದುಂಡಗಾದಾಗಲೆಲ್ಲ ನನ್ನ ಎದೆಯೊಳಗೆ ಯಾರೋ ಕುಣಿದ ಹಾಗಾಯಿತು. ಇದನ್ನು ಫಲಿತಾಂಶದ ಹಾಳೆಯಲ್ಲಿ ಬರೆಯಲು ಜಾಗವಿಲ್ಲ.

ಜೂನ್ ೧೩, ಗುರುವಾರ

ಉಳಿದ ಹದಿನಾರು ಮುಗಿಯಿತು. ಏಳು ತೆಗೆದವು. ಅದರಲ್ಲಿ ೧೯, ಕೆಂಪು ಸಾಕ್ಸ್ ಹಾಕಿದ ಹುಡುಗ, ತೆಗೆದ ಮೇಲೆ ಮುಚ್ಚಿ, ಪಕ್ಕದಲ್ಲಿದ್ದ ಎರಡು ಜಡೆಯ ಹುಡುಗಿಗೆ ತೋರಿಸಿಕೊಟ್ಟ. ಅಂಗೈ ಅಗಲ ಮಾಡಿ, ತಡೆದು, ಭುಜ ಬಾಗಿಸಿ. ಥೇಟ್ ನನ್ನ ಹಾಗೆಯೇ. ಅವಳೂ ತೆಗೆದಳು.

ದಾರಿಯುದ್ದಕ್ಕೂ ಬಸ್ಸಿನಲ್ಲಿ ನಗುತ್ತಿದ್ದೆನಂತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಏನಮ್ಮಾ, ಒಳ್ಳೆ ಸುದ್ದಿನಾ?" ಎಂದು ಕೇಳಿದಾಗಲೇ ಗೊತ್ತಾದದ್ದು. ಕವನಸಂಕಲನ ತೊಡೆಯ ಮೇಲೆ ತೆರೆದೇ ಇತ್ತು, ಒಂದು ಪುಟವೂ ತಿರುಗಿರಲಿಲ್ಲ.

ಜೂನ್ ೧೮, ಮಂಗಳವಾರ

ನಪಾಸು.

ನನ್ನವು ಹನ್ನೊಂದು, ದೊಡ್ಡಕ್ಕನದು ಒಂದು. ಒಟ್ಟು ಹನ್ನೆರಡು. ಹತ್ತು ದಾಟಿತು. ಸಾಹೇಬರು ಹಾಳೆಗಳನ್ನು ಎರಡು ಸಲ ಎಣಿಸಿ, ವರದಿ ಶುಕ್ರವಾರ ಹೋಗುತ್ತದೆ ಎಂದರು.

ಮುಚ್ಚಳದಣ್ಣ ಬಂದು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಜಗಳವಾಡಲಿಲ್ಲ. "ಮಕ್ಕಳು ಅಷ್ಟು ಸಲೀಸಾಗಿ ತೆಗೆಯೋ ಹಾಗಿದ್ರೆ ಅದು ಮುಚ್ಚಳವೇ ಅಲ್ಲ, ಬಿಡಿ" ಎಂದರು. ಹೋಗುವಾಗ ಉಳಿದ ಬಾಟಲಿಗಳಲ್ಲಿ ಒಂದನ್ನು ನನ್ನ ಕೈಗಿಟ್ಟರು. "ಗುಂಡಿ, ಸೂಜಿ ಏನಾದ್ರೂ ಹಾಕಿಟ್ಕೊಳ್ಳಿ ಮೇಡಂ. ನಾನು ಮನೆಗೆ ತಗೊಂಡು ಹೋಗಿ ಏನು ಮಾಡ್ಲಿ?"

ಅವರು ಮೆಟ್ಟಿಲಿಳಿಯುವ ಸದ್ದು ಕೊನೆಯವರೆಗೂ ಕೇಳಿಸಿತು.

ಜೂನ್ ೨೦, ಗುರುವಾರ

ಇವತ್ತಿನದನ್ನು ಬರೆಯದೆ ಇರಲಾರೆ.

ಅಮ್ಮ ಆ ಬಾಟಲಿಗೆ ಗುಂಡಿಗಳನ್ನು ಹಾಕಬೇಕೆಂದು ಎರಡು ದಿನದಿಂದ ಗುದ್ದಾಡುತ್ತಿದ್ದಳು. ಅವಳ ಮಣಿಕಟ್ಟಿನ ನೋವಿಗೆ ಹಾಲಿನ ಪಾತ್ರೆ ಎತ್ತುವುದೇ ಕಷ್ಟ. ಮುಚ್ಚಳದ ಮೇಲಿನ ಅಕ್ಷರ ಅವಳ ಕಣ್ಣಿಗೆ ಇರುವೆ ಸಾಲು. "ಇದೇನು ಮುಚ್ಚಳವೋ ಮೊಂಡ ಅಳಿಯನೋ! ಅತ್ತ ತಿರುಗಿಸಿದ್ರೆ ಅತ್ತ, ಇತ್ತ ತಿರುಗಿಸಿದ್ರೆ ಇತ್ತ, ಬಾಯಿ ಮಾತ್ರ ಬಿಡಲ್ಲ" ಎಂದಳು.

"ಕೊಡಮ್ಮ ಇಲ್ಲಿ" ಎಂದು ಇಸಿದುಕೊಂಡು, ತೆಗೆದು, ಮುಚ್ಚಿ, ವಾಪಸು ಕೊಟ್ಟೆ. ಒಂದು ಮಾತೂ ಆಡಲಿಲ್ಲ, ಅಭ್ಯಾಸವಾಗಿಬಿಟ್ಟಿದೆ. ಅಮ್ಮ ಅಂಗೈ ಅಗಲ ಮಾಡಿದಳು. ತಡೆದಳು. ಭುಜ ಬಾಗಿಸಿ ಅದುಮಿದಳು. ಮಣಿಕಟ್ಟಲ್ಲ, ಮೈಭಾರವೇ ಕೆಲಸ ಮಾಡಿತು. ಟಕ್ ಎಂದು ಬಿಚ್ಚಿಕೊಂಡಿತು.

"ಹೇಗೆ ಬಂತಮ್ಮ?"

"ಬರದೆ ಏನು? ಅಷ್ಟು ಚೆನ್ನಾಗಿ ತೋರಿಸಿದ್ರೆ ಕಲ್ಲಿಗೂ ಬರುತ್ತೆ. ನೀನು ಮುಚ್ಚಳ ಎಲ್ಲಿ ತೆಗೆದೆ? ಪಾಠ ಮಾಡಿದೆ. ನಿಮ್ಮಪ್ಪ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ಹೀಗೇ ನಡುವೆ ನಡುವೆ ನಿಲ್ಲೋರು. ಹುಡುಗರ ತಲೆಗೆ ಇಳೀತಾ ಅಂತ ನೋಡೋರು."

ನಾನು ಎತ್ತಿಕೊಡುತ್ತಿದ್ದ ಗುಂಡಿಗಳ ಡಬ್ಬಿ ನೆಲಕ್ಕೆ ಬಿತ್ತು. ಇಬ್ಬರೂ ಮಂಚದ ಕೆಳಗೆ ತಡಕಾಡಿ ಆರಿಸಿದೆವು. ಆರಿಸುತ್ತಾ ಆರಿಸುತ್ತಾ ಎಲ್ಲ ಸ್ಪಷ್ಟವಾಯಿತು. ನಿಯಮದ ಪ್ರಕಾರ ಮನೆಯಲ್ಲಿ ತೆಗೆಯುವ ಹಾಗೆ ಮಾಮೂಲಾಗಿ ತೆಗೆಯಬೇಕಿತ್ತು. ನಾನು ಕಲಿಸಿಬಿಟ್ಟಿದ್ದೆ. ದೊಡ್ಡಕ್ಕನ ಕೋಣೆಯಲ್ಲಿ ಒಂದು, ನನ್ನ ಕೋಣೆಯಲ್ಲಿ ಹನ್ನೊಂದು. ನಪಾಸಾಗಬೇಕಿದ್ದದ್ದು ಮುಚ್ಚಳವಲ್ಲ.

ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಒಂದೇ ಒಂದು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದ್ದೆ. ಕವಿತೆ ವಿವರಿಸುವಾಗ ಹಿಂದಿನ ಬೆಂಚಿನಿಂದ ಗೊರಕೆ ಕೇಳಿಸಿತು, ಇಡೀ ತರಗತಿ ನಕ್ಕಿತು. ಕಲಿಸುವುದು ನನ್ನ ಹಣೆಯಲ್ಲಿ ಬರೆದಿಲ್ಲ ಎಂದುಕೊಂಡು ಬಿಟ್ಟುಬಂದಿದ್ದೆ. ಇಷ್ಟು ವರ್ಷವಾದ ಮೇಲೆ, ಕಲಿಸಲೇಬಾರದ ಕಡೆ, ಬಾಯಿ ತೆರೆಯದೆ ಕಲಿಸಿದ್ದೇನೆ!

ನಾಳೆ ಹೇಳಲೇಬೇಕು. ಹೇಳಿದರೆ ಕೆಲಸ ಹೋಗಬಹುದು.

ಜೂನ್ ೨೧, ಶುಕ್ರವಾರ

ಹೇಳಿದೆ. ಸಾಹೇಬರ ಮೇಜಿನ ಮೇಲೆ ವರದಿ ಲಕೋಟೆಯೊಳಗಿತ್ತು, ಅಂಟು ಹಚ್ಚುವುದೊಂದು ಬಾಕಿ. ಅವರು ಮೊದಲು ಎಡಗೈ ಗಡಿಯಾರ ನೋಡಿದರು, ಆಮೇಲೆ ಬಲಗೈದು.

"ಮುಚ್ಚಳ ಸರಿ ಇಲ್ಲ ಅಂತ ಬಂದ ಪರೀಕ್ಷಕರನ್ನು ನೋಡಿದ್ದೀನಿ. ಮಕ್ಕಳು ಸರಿ ಇಲ್ಲ ಅಂತ ಬಂದವರನ್ನೂ ನೋಡಿದ್ದೀನಿ. ನಾನೇ ಸರಿ ಇಲ್ಲ ಅಂತ ಬಂದವರು ನೀವೇ ಮೊದಲು."

"ಈಗ ಏನು ಮಾಡೋದು, ಸರ್?"

"ಈ ಹಾಳೆ ಎಲ್ಲಾ ರದ್ದು. ಬೇರೆ ಶಿಶುವಿಹಾರ, ಬೇರೆ ಐವತ್ತು ಮಕ್ಕಳು, ಮೊದಲಿಂದ." ಲಕೋಟೆಯಿಂದ ವರದಿಯನ್ನು ಹೊರಗೆಳೆಯುತ್ತಾ, "ಅದರಲ್ಲಿ ನೀವು ಪರೀಕ್ಷಕಿಯಾಗಿ ಕೂತ್ಕೋಬೇಕಾ ಬೇಡವಾ ಅನ್ನೋದನ್ನ ದೊಡ್ಡಕ್ಕ ಹೇಳಲಿ. ನೀವು ಮಾಮೂಲಾಗಿ ಒಂದು ಮುಚ್ಚಳ ತೆಗೆಯೋದನ್ನ ಅವರು ನೋಡಬೇಕು. ಬುಧವಾರದವರೆಗೆ ಟೈಮ್ ಇದೆ" ಎಂದರು.

ಹೊರಗೆ ದೊಡ್ಡಕ್ಕ ಕಾಯುತ್ತಿದ್ದರು. "ಹತ್ತೊಂಬತ್ತು ವರ್ಷದಲ್ಲಿ ಇಂಥ ತಪ್ಪು ಯಾರೂ ಮಾಡಿರಲಿಲ್ಲ, ತಾಯಿ. ಎಲ್ಲರೂ ಮಾಡೋದು ಬೇಜಾರಿನ ತಪ್ಪು. ನೀವು ಮಾಡಿದ್ದು ಜಾಸ್ತಿ ಇಷ್ಟಪಟ್ಟು ಮಾಡಿದ ತಪ್ಪು."

ಮುಚ್ಚಳದಣ್ಣನಿಗೆ ನಾನೇ ಫೋನ್ ಮಾಡಿದೆ.  ನಾನು ಹೇಳಿ ಮುಗಿಸುವಷ್ಟರಲ್ಲಿ ಅವರ ಹಿಂದಿನಿಂದ ಗೊಗ್ಗರು ದನಿಯೊಂದು ಕೇಳಿಸಿತು: "ಏನಂತೆ? ಏನಂತೆ ಅಣ್ಣಾ? ಬಾಯಿ ಬಿಡೋ ಮಾರಾಯ!"

ಜೂನ್ ೨೪, ಸೋಮವಾರ

ಮಾಮೂಲಾಗಿ ತೆಗೆಯುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ಅಮ್ಮನೇ ತೀರ್ಪುಗಾರ್ತಿ. ಮಂಚದ ಮೇಲೆ ಕೂತು ಕಣ್ಣು ಕಿರಿದು ಮಾಡಿ ನೋಡುತ್ತಾಳೆ. "ಇನ್ನೂ ಕಲಿಸ್ತಾ ಇದೀಯ." ಮತ್ತೆ ತೆಗೆದೆ. "ಭುಜ, ಭುಜ! ಭುಜ ಮಾತಾಡ್ತಿದೆ." ಮತ್ತೆ. "ಈಗ ಮುಚ್ಚಳದ ಮೇಲೆ ಸಿಟ್ಟು ಮಾಡ್ಕೊಂಡ ಹಾಗಿದೆ, ಅದೇನು ಮಾಡ್ತು ನಿನಗೆ?"

ಕೊನೆಗೆ ಅವಳೇ ಉಪಾಯ ಹೇಳಿದಳು. "ನೀನು ಎದುರಿಗಿರೋರನ್ನ ಮರೆತುಬಿಡು. ಒಲೆ ಮೇಲೆ ಹಾಲಿದೆ ಅಂದ್ಕೋ, ಉಕ್ಕೋಕೆ ಬಂದಿದೆ, ಕೈ ಇಲ್ಲಿ, ಜೀವ ಅಲ್ಲಿ."

ಹಾಲು ನೆನೆಸಿಕೊಂಡು ತೆಗೆದೆ. ಅಮ್ಮ ಒಪ್ಪಿದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ನಿಜವಾದ ಹಾಲು ಉಕ್ಕಿ ಒಲೆಯೆಲ್ಲ ಬೆಳ್ಳಗಾಗಿತ್ತು.

ಜೂನ್ ೨೬, ಬುಧವಾರ

ದೊಡ್ಡಕ್ಕ ಪಾಸು ಮಾಡಿದರು. "ಎಷ್ಟು ನೀರಸವಾಗಿ ತೆಗೆದ್ರಿ! ಕಣ್ತುಂಬಿ ಬಂತು" ಎಂದರು.

ಸಂಭ್ರಮದಲ್ಲಿ ಮನೆಗೆ ನಡೆದುಕೊಂಡೇ ಬಂದೆ. ದಾರಿಯ ಅಂಗಡಿಯಲ್ಲಿ ಕೆಳಗಿನ ಸಾಲಿನಲ್ಲಿ ಫಿನಾಯಿಲು, ಸೀಮೆಎಣ್ಣೆ, ಪಾತ್ರೆ ಸೋಪು. ಎಲ್ಲವೂ ನಾಲ್ಕು ವರ್ಷದವರ ಕಣ್ಣಿನ ಮಟ್ಟದಲ್ಲಿ. ಹಾಗೇ ನಿಂತುಬಿಟ್ಟೆ.

ಆ ಹಾಳೆಗಳನ್ನು ಸಾಹೇಬರು ರದ್ದು ಮಾಡಿದರು. ಆ ಹನ್ನೊಂದು ಮಕ್ಕಳನ್ನು ರದ್ದು ಮಾಡುವುದು ಹೇಗೆ? ಈ ಮುಚ್ಚಳ ಪಾಸಾಗಿ ಅಂಗಡಿಗೆ ಬಂದರೆ ಅದನ್ನು ತೆಗೆಯಲು ಚೆನ್ನಾಗಿ ಬಲ್ಲ ಹನ್ನೊಂದು ಮಕ್ಕಳು ಈ ಊರಿನಲ್ಲಿದ್ದಾರೆ. ಕಲಿಸಿದವಳು ನಾನು. ಕೆಂಪು ಸಾಕ್ಸ್ ಇದ್ದಾನೆ, ಎರಡು ಜಡೆ ಇದ್ದಾಳೆ, ತೆಗೆದ ಕೂಡಲೇ ಬಾಟಲಿಗೆ ಮುತ್ತು ಕೊಟ್ಟ ಗುಂಗುರು ಕೂದಲಿದ್ದಾನೆ. ಕರಡಿನಲ್ಲಿ ತಪ್ಪಾದರೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದರೆ ಆಯಿತು. ಮಗುವಿನೊಳಗೆ ಹೋದ ಮೇಲೆ ಗೆರೆ ಎಳೆಯುವುದು ಎಲ್ಲಿ?

ಐದನೆಯ ವಾಕ್ಯವನ್ನು ಹೇಳಿದ್ದೆ, ನಿಜ. ಆಗ ಅವರು ಬಾಗಿಲ ಕಡೆ ಓಡುತ್ತಿದ್ದರು.

ಜೂನ್ ೨೭, ಗುರುವಾರ

ಹಳೆಯ ಶಿಶುವಿಹಾರದ ಟೀಚರಿಗೆ ಫೋನ್ ಮಾಡಿ, ಆ ಹನ್ನೊಂದು ಮಕ್ಕಳನ್ನು ಮತ್ತೆ ನೋಡಬೇಕು ಎಂದೆ. ಕಾರಣವನ್ನೂ ಹೇಳಿದೆ. "ಬನ್ನಿ. ಆದ್ರೆ ಭಾಷಣ ಬೇಡ. ನಮ್ಮವರ ಹತ್ರ ಭಾಷಣ ನಡೆಯಲ್ಲ, ಎದ್ದು ಹೋಗ್ತಾರೆ" ಎಂದರು. ಗೊರಕೆಗಿಂತ ಅದು ವಾಸಿ.

ಸಾಹೇಬರ ಅನುಮತಿ ಕೇಳಿದೆ. "ಪರೀಕ್ಷೆ ಕೋಣೆಯಲ್ಲಿ ಐದು ವಾಕ್ಯ. ಹೊರಗೆ ನಿಮ್ಮ ಬಾಯಿಗೆ ಬೀಗ ಹಾಕೋಕೆ ನಾನ್ಯಾರು?"

ಜುಲೈ ೩, ಬುಧವಾರ

ಎರಡು ದಿನದ ಮರುಪರೀಕ್ಷೆ ಇವತ್ತು ಮಧ್ಯಾಹ್ನ ಮುಗಿಯಿತು. ಹಾಲು ಉಕ್ಕುತ್ತಿದೆ ಎಂದುಕೊಂಡು ಇಪ್ಪತ್ತಾರು ಮಕ್ಕಳ ಮುಂದೆ ತೆಗೆದೆ. ಮಕ್ಕಳು ಮುಚ್ಚಳ ಕಚ್ಚಿದರು, ನೆಲಕ್ಕೆ ಕುಟ್ಟಿದರು, ಬೈದರು. "ಇದು ಕೆಟ್ಟೋಗಿದೆ, ಬೇರೆ ತಗೊಂಬನ್ನಿ" ಎಂದು ಒಬ್ಬಳು ನನಗೇ ಅಪ್ಪಣೆ ಮಾಡಿದಳು. ಹೇಳಿಕೊಡಬೇಕೆಂದು ಕೈ ತುರಿಸುತ್ತಿತ್ತು, ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಕೂತೆ.

ನನ್ನವು ಮೂರು, ದೊಡ್ಡಕ್ಕನವು ಎರಡು. ಒಟ್ಟು ಐದು. ಪಾಸು!

ಮುಚ್ಚಳದಣ್ಣ ಈ ಸಲ ತಂಗಿಯನ್ನೂ ಕರೆದುಕೊಂಡು ಬಂದಿದ್ದರು. ಆಕೆ ನನ್ನ ಕೈ ಹಿಡಿದುಕೊಂಡು, ಆ ಒಡೆದ ಗಂಟಲಲ್ಲಿ, "ನಮ್ಮ ಮುಚ್ಚಳಾನ ಫೇಲ್ ಮಾಡಿದೋರು ನೀವೇನಾ?" ಎಂದರು. ಹೌದೆಂದೆ. "ಚೆನ್ನಾಗಿ ಮಾಡಿದ್ರಿ. ಇಲ್ದಿದ್ರೆ ಇವನು ಸುಲಭವಾಗಿ ಪಾಸಾದೆ ಅಂತ ಮೆರೀತಿದ್ದ." ಅವರ ನಗು ಒಣ ಎಲೆಗಳ ರಾಶಿಯಲ್ಲಿ ಯಾರೋ ಓಡಿದ ಹಾಗೆ. ಅಣ್ಣ ಮಾತ್ರ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಮೂಗು ಒರೆಸಿಕೊಂಡರು.

ಜುಲೈ ೪, ಗುರುವಾರ

ನಾಳೆ ಆ ಹನ್ನೊಂದು ಮಕ್ಕಳ ಮುಂದೆ ನಿಲ್ಲಬೇಕು. ಏನು ಹೇಳುವುದೆಂದು ಬೆಳಗಿನಿಂದ ಬರೆದು ಹರಿದೆ. ಕೊನೆಗೆ ಬಸ್ಸಿನಲ್ಲಿ, ಟಿಕೇಟಿನ ಹಿಂದೆ, ಇದು ಬಂತು:

ಯಾರ ಬಾಟ್ಲಿ? ನನ್ನದಲ್ಲ.
ಮುಚ್ಚಳ ತೆಗೆಯೋದು ನಾನಲ್ಲ.
ಕೈಗಳೆಲ್ಲಿ? ಬೆನ್ನ ಹಿಂದೆ!
ಕರೆಯೋದ್ ಯಾರನ್ನ? ಅಮ್ಮ, ತಂದೆ!

ಅಮ್ಮನಿಗೆ ಓದಿ ತೋರಿಸಿದೆ. ಮೂವತ್ತು ವರ್ಷ ಕಂಡವರ ಕವಿತೆ ಓದಿದವಳು ಸ್ವಂತದ್ದೊಂದು ಬರೆದದ್ದು ಇದೇ ಮೊದಲು ಎಂದು ಅವಳಿಗೆ ಹೇಳಲಿಲ್ಲ.

"ಎಂ.ಎ. ಮಾಡಿ ಇದನ್ನ ಬರೆದೆಯಾ?" ಎಂದಳು. ಆಮೇಲೆ, "ಚೆನ್ನಾಗಿದೆ ಪುಟ್ಟಿ. ನೀನು ಓದೋದರಲ್ಲಿ ಇದೊಂದಾದ್ರೂ ನನಗೆ ಅರ್ಥ ಆಯ್ತು."

ಜುಲೈ ೫, ಶುಕ್ರವಾರ

ಹನ್ನೊಂದು ಜನ ಚಾಪೆಯ ಮೇಲೆ ಅರ್ಧಚಂದ್ರಾಕಾರವಾಗಿ ಕೂತಿದ್ದರು. ನನ್ನನ್ನು ಕಂಡ ಕೂಡಲೇ ಕೆಂಪು ಸಾಕ್ಸ್ (ಇವತ್ತು ನೀಲಿ ಹಾಕಿದ್ದ, ಆದರೂ ಅವನು ಕೆಂಪು ಸಾಕ್ಸೇ) ಎದ್ದು ನಿಂತು, "ಬಾಟ್ಲಿ ಆಂಟಿ ಬಂದ್ರು! ಕೊಡಿ, ನಾನು ತೆಗೀತೀನಿ!" ಎಂದು ಕೈ ಚಾಚಿದ. ನನ್ನ ಭಯ ಸುಳ್ಳಾಗಿರಲಿಲ್ಲ.

ಚಾಪೆಯ ಮೇಲೆ ಕೂತು, ಬಾಟಲಿಯನ್ನು ನಡುವೆ ಇಟ್ಟು, ನನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದೆ. ಅವರ ಕಣ್ಣು ನನ್ನತ್ತ ಬರುವವರೆಗೆ ಕಾದೆ. ಭುಜ ಬಾಗಿಸಿದೆ. ಸಾಲಿನ ಕೊನೆಗೆ ಉಸಿರು ತಡೆದೆ. ಮರೆಯಲು ಅಷ್ಟು ಕಷ್ಟಪಟ್ಟದ್ದನ್ನೆಲ್ಲ ಮತ್ತೆ ಹೊರಗೆ ತೆಗೆದೆ.

"ಕೈಗಳೆಲ್ಲಿ?"

ಮೊದಲ ಸಲ ಮೂರು ದನಿ ಬಂತು. ಹತ್ತನೆಯ ಸಲಕ್ಕೆ ಪಕ್ಕದ ಕೋಣೆಯ ಮಕ್ಕಳೂ ಕೂಗುತ್ತಿದ್ದರು. ಎರಡು ಜಡೆ ಮಾತ್ರ ಗಂಭೀರವಾಗಿ ಕೇಳಿದಳು: "ಅಮ್ಮ, ಅಪ್ಪ ಇಬ್ರೂ ಇಲ್ಲದಿದ್ರೆ?"

ಅದನ್ನು ನಾನು ಯೋಚಿಸಿರಲಿಲ್ಲ. "ಅಲ್ಲಿರೋ ದೊಡ್ಡವರು ಯಾರಾದ್ರೂ ಸರಿ" ಎಂದೆ.

"ನಮ್ಮಜ್ಜಿ?"

"ಅಜ್ಜಿನೂ."

"ಅಜ್ಜಿ ಮಲಗಿದ್ರೆ?"

"ಎಬ್ಬಿಸು."

"ಬೈತಾರೆ."

"ಬೈಸ್ಕೋ."

ಅವಳು ಯೋಚಿಸಿ, ಸರಿ ಎಂದಳು. ನನಗೆ ಇಷ್ಟು ಎಚ್ಚರದ ವಿದ್ಯಾರ್ಥಿ ಹಿಂದೆಂದೂ ಸಿಕ್ಕಿರಲಿಲ್ಲ.

ಮನೆಗೆ ಬರುವಷ್ಟರಲ್ಲಿ ಗಂಟಲು ಕಟ್ಟಿಹೋಗಿತ್ತು. ಕೇಳಿದರೆ ಮುಚ್ಚಳದಣ್ಣನ ತಂಗಿ ಎನ್ನಬೇಕು.

ಜುಲೈ ೧೨, ಶುಕ್ರವಾರ

ಆರು ವಾರ ಇವತ್ತಿಗೆ ಮುಗಿಯಿತು. ಬೆಳಿಗ್ಗೆ ಸಾಹೇಬರು ಕಾಯಂ ಮಾಡಿದ ಪತ್ರ ಕೊಟ್ಟರು. ಅದರಲ್ಲಿ ಎರಡು ಕಾಗುಣಿತದ ತಪ್ಪಿತ್ತು, ತಿದ್ದಿ ಕೊಟ್ಟೆ. ಮೊದಲು ಆ ಪತ್ರದ ಬಗ್ಗೆಯೇ ಬರೆಯಬೇಕು ಎಂದುಕೊಂಡಿದ್ದೆ. ಆದರೆ ಮಧ್ಯಾಹ್ನ ಶಿಶುವಿಹಾರಕ್ಕೆ ಹೋಗಿದ್ದೆ.

ಮಕ್ಕಳು ಅಂಗಳದಲ್ಲಿದ್ದಾಗ ಟೀಚರೂ ನಾನೂ ಸೇರಿ ಆಟಿಕೆಗಳ ಮಧ್ಯೆ ಮುಚ್ಚಳದಣ್ಣನ ಬಾಟಲಿಯೊಂದನ್ನು ಇಟ್ಟೆವು. ಖಾಲಿ ಬಾಟಲಿ, ಮುಚ್ಚಳ ಭದ್ರ. ನಾನು ಕಪಾಟಿನ ಪಕ್ಕ ಪುಟ್ಟ ಕುರ್ಚಿಯಲ್ಲಿ ಬೆನ್ನು ಮಾಡಿ, ಏನೋ ಬರೆಯುವವಳ ಹಾಗೆ ಕೂತೆ. ಕಿಟಕಿಯ ಗಾಜಿನಲ್ಲಿ ಎಲ್ಲ ಕಾಣುತ್ತಿತ್ತು. ಆ ಹನ್ನೊಂದು ಮಕ್ಕಳನ್ನಷ್ಟೇ ಒಳಗೆ ಬಿಟ್ಟರು. ಸ್ಟಾಪ್‌ವಾಚ್ ಒತ್ತಿದೆ. ಐದು ನಿಮಿಷ.

ಒಂದು ನಿಮಿಷ ಯಾರಿಗೂ ಕಾಣಲಿಲ್ಲ. ಎರಡನೆಯದರಲ್ಲಿ ಗುಂಗುರು ಕೂದಲು ಕಂಡು, ಬಗ್ಗಿ, ಮೂಸಿ ನೋಡಿ, ಹಿಂದೆ ಸರಿದ. ಮೂರನೆಯದರಲ್ಲಿ ಕೆಂಪು ಸಾಕ್ಸ್ ಬಂದ. ಬಾಟಲಿಯ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಅವನ ಬಲಗೈ ಮೇಲೆದ್ದಿತು. ಅಂಗೈ ಅಗಲವಾಯಿತು. ಥೇಟ್ ನನ್ನ ಕೈ.

ಆ ಕೈ ಅಲ್ಲೇ ಗಾಳಿಯಲ್ಲಿ ನಿಂತಿತು. ಸಾಲಿನ ಕೊನೆಯಲ್ಲಿ ನಿಲ್ಲುವ ಹಾಗೆ. ಆಮೇಲೆ ನಿಧಾನವಾಗಿ, ಬೇರೆ ಯಾರದೋ ಕೈಯನ್ನು ಎಳೆದುಕೊಂಡು ಹೋಗುವವನಂತೆ, ಅದನ್ನು ಬೆನ್ನ ಹಿಂದಕ್ಕೆ ಒಯ್ದ. ಎಡಗೈಯನ್ನೂ ಒಯ್ದ. ಎರಡು ಜಡೆ ಅವನ ಪಕ್ಕ ಬಂದು ತನ್ನ ಕೈಗಳನ್ನೂ ಹಿಂದಕ್ಕಿಟ್ಟುಕೊಂಡಳು.

"ಅಮ್ಮಾ! ತಂದೇ!" ಎಂದು ಕೆಂಪು ಸಾಕ್ಸ್ ಚೀರಿದ.

ಟೀಚರು ನಾವು ಮಾತಾಡಿಕೊಂಡಂತೆ ಹೊರಗೇ ಉಳಿದರು. ನಾನೂ ಕದಲಲಿಲ್ಲ. ಪರೀಕ್ಷೆಯಲ್ಲಿ ಪರೀಕ್ಷಕಿ ಕದಲುವ ಹಾಗಿಲ್ಲ.

"ಅವ್ರಿಬ್ರೂ ಇಲ್ಲ ಇಲ್ಲಿ" ಎಂದಳು ಎರಡು ಜಡೆ. ಸುತ್ತ ನೋಡಿದಳು. ಅವಳ ಕಣ್ಣು ನನ್ನ ಬೆನ್ನಿನ ಮೇಲೆ ನಿಂತದ್ದು ಗಾಜಿನಲ್ಲಿ ಕಂಡಿತು. ಬಂದು ನನ್ನ ಸೆರಗು ಜಗ್ಗಿದಳು.

"ಆಂಟೀ. ನೀವು ದೊಡ್ಡೋರಲ್ವಾ?"

"ಹೌದು" ಎಂದೆ. ಪಟ್ಟಿಯಲ್ಲಿಲ್ಲದ ಮಾತು.

"ಮತ್ತೆ ಏನು ಸುಮ್ನೆ ಕೂತಿದೀರಾ? ಎದ್ದೇಳಿ! ಅಲ್ಲಿ ಬಾಟ್ಲಿ ಇದೆ!"

ಎದ್ದೆ. ಅವಳು ಕೈ ಹಿಡಿದು ಎಳೆದುಕೊಂಡು ಹೋದಳು. ಹನ್ನೊಂದು ಜನವೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದಾರಿ ಬಿಟ್ಟರು.

ಮನೆಯಲ್ಲಿ ಅಮ್ಮ ಕೇಳಿದಳು, "ಎಷ್ಟು ಮಕ್ಕಳು ತೆಗೆದ್ರು?"

"ಹನ್ನೊಂದರಲ್ಲಿ ಸೊನ್ನೆ."

"ಸೊನ್ನೆ ತಗೊಂಡು ಇಷ್ಟು ಕುಣಿಯೋ ಟೀಚರನ್ನ ನಾನೆಲ್ಲೂ ನೋಡಿಲ್ಲ" ಎಂದಳು.

ಟೀಚರಲ್ಲಮ್ಮ, ಪರೀಕ್ಷಕಿ ಎಂದು ತಿದ್ದಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಚೀಲದೊಳಗಿಂದ ಸಣ್ಣಗೆ ಟಿಕ್ ಟಿಕ್ ಸದ್ದು ಬಂತು. ಕೈ ಹಾಕಿ ತೆಗೆದರೆ ಸ್ಟಾಪ್‌ವಾಚ್. ಮಧ್ಯಾಹ್ನ ಎದ್ದಾಗ ನಿಲ್ಲಿಸುವುದನ್ನೇ ಮರೆತಿದ್ದೆ. ಐದು ನಿಮಿಷದ ಪರೀಕ್ಷೆ ಮೂರು ಗಂಟೆ ನಲವತ್ತು ನಿಮಿಷವಾಗಿ ಇನ್ನೂ ಓಡುತ್ತಿತ್ತು. ನಿಲ್ಲಿಸಲು ಮನಸ್ಸಾಗಲಿಲ್ಲ. ಇದನ್ನು ಬರೆಯುತ್ತಿರುವಾಗಲೂ ಮೇಜಿನ ಮೇಲೆ, ಗುಂಡಿಗಳ ಬಾಟಲಿಯ ಪಕ್ಕದಲ್ಲಿ, ಓಡುತ್ತಿದೆ.